ಕೊಂಡ ಕುದುರೆಯ ಹೆಸರು ಬದಲಿಸಬೇಕೇ? ಬದಲಿಸುವುದಾದರೆ ಹೇಗೆ?

ಕುದುರೆಯೊಂದನ್ನು ಕೊಂಡು ತಂದು ಲಾಯದಲ್ಲಿ ಕಟ್ಟಿದ ಮೊದಲ ದಿನವೇ ಹೆಸರಿನ ಪ್ರಶ್ನೆ ಏಳುತ್ತದೆ. ಹಿಂದಿನ ಮಾಲೀಕರು ಇಟ್ಟ ಹೆಸರು ನಾಲಿಗೆಗೆ ಒಗ್ಗುವುದಿಲ್ಲ, ಇಲ್ಲವೇ ಅದೇ ಹೆಸರಿನ ಕುದುರೆ ಲಾಯದಲ್ಲಿ ಆಗಲೇ ಒಂದಿರುತ್ತದೆ, ಇಲ್ಲವೇ ಬಹುದಿನಗಳಿಂದ ಮನಸ್ಸಿನಲ್ಲಿಟ್ಟುಕೊಂಡ ಹೆಸರೊಂದು ತನ್ನ ಕುದುರೆಗಾಗಿ ಕಾಯುತ್ತಿರುತ್ತದೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕರೆಯುವ ಹೆಸರನ್ನು ಬದಲಿಸುವುದಕ್ಕೆ ಕುದುರೆಯ ಕಡೆಯಿಂದ ದೊಡ್ಡ ಅಡ್ಡಿಯೇನೂ ಇಲ್ಲ. ದಾಖಲೆಯ ಹೆಸರನ್ನು ತೀರಾ ಅನಿವಾರ್ಯವಾಗದ ಹೊರತು ಮುಟ್ಟಬಾರದು. ಎರಡರಲ್ಲಿ ಯಾವುದನ್ನು ಮಾಡುವುದಿದ್ದರೂ ಮೊದಲ ಮೂರು ನಾಲ್ಕು ವಾರ ಸುಮ್ಮನಿರಬೇಕು. ಇದನ್ನು ಹೀಗೇಕೆ ಹೇಳುತ್ತಿದ್ದೇನೆ ಎಂಬುದನ್ನೂ, ಬದಲಿಸಲು ತೀರ್ಮಾನಿಸಿದವರು ಅನುಸರಿಸಬೇಕಾದ ಕ್ರಮವನ್ನೂ ಕೆಳಗೆ ವಿವರಿಸಿದ್ದೇನೆ.

ದಾಖಲೆಯ ಹೆಸರು, ಲಾಯದ ಹೆಸರು

ನೋಂದಣಿಯಾದ ಕುದುರೆಗೆ ಸಾಮಾನ್ಯವಾಗಿ ಎರಡು ಹೆಸರುಗಳಿರುತ್ತವೆ ಎಂಬುದನ್ನು ಹೊಸ ಮಾಲೀಕರು ಮೊದಲು ತಿಳಿದಿರಬೇಕು. ಒಂದು ತಳಿಯ ನೋಂದಣಿ ಪುಸ್ತಕದಲ್ಲಿ, ಕುದುರೆಯ ಪಾಸ್‌ಪೋರ್ಟ್ ಎಂಬ ಗುರುತಿನ ಪುಸ್ತಿಕೆಯಲ್ಲಿ ಮತ್ತು ಸ್ಪರ್ಧೆಗಳ ಪಟ್ಟಿಯಲ್ಲಿ ಅಚ್ಚಾಗುವ ಹೆಸರು. ಇನ್ನೊಂದು ಮೇವು ಹಾಕುವಾಗ, ಮೈ ಉಜ್ಜುವಾಗ, ಬಯಲಿನಿಂದ ಕರೆತರುವಾಗ ಬಾಯಲ್ಲಿ ಬರುವ ಹೆಸರು. 2012ರ ಲಂಡನ್ ಒಲಿಂಪಿಕ್ಸ್‌ನ ಡ್ರೆಸಾಜ್ (ಸವಾರರ ಸೂಚನೆಯಂತೆ ಕುದುರೆ ಗೊತ್ತಾದ ನಡೆಗಳನ್ನು ತೋರುವ) ಸ್ಪರ್ಧೆಯಲ್ಲಿ ಚಿನ್ನ ಗೆದ್ದ ವಲೆಗ್ರೋ ಎಂಬ ಕುದುರೆಯನ್ನು ಅದರ ಲಾಯದಲ್ಲಿ ಕರೆಯುತ್ತಿದ್ದುದು ಬ್ಲೂಬೆರಿ ಎಂದು. ಅಮೆರಿಕದ ಪಂದ್ಯಗಳಲ್ಲಿ 1973ರಲ್ಲಿ ತ್ರಿವಳಿ ಕಿರೀಟವನ್ನು, ಅಂದರೆ ಒಂದೇ ವರ್ಷದ ಮೂರು ಹಿರಿಯ ಪಂದ್ಯಗಳನ್ನು, ಗೆದ್ದ ಸೆಕ್ರೆಟೇರಿಯಟ್ ತನ್ನವರ ಬಾಯಲ್ಲಿ ಬಿಗ್ ರೆಡ್ ಆಗಿತ್ತು. ಜಗತ್ತು ಒಂದು ಹೆಸರಿನಿಂದ ಜಯಕಾರ ಹಾಕುತ್ತಿದ್ದಾಗ ಈ ಕುದುರೆಗಳು ಬೇರೊಂದು ಹೆಸರಿಗೆ ಕಿವಿ ನಿಮಿರಿಸಿಕೊಂಡು ನೆಮ್ಮದಿಯಾಗಿದ್ದವು.

ದಾಖಲೆಯ ಹೆಸರು ಮಾಲೀಕರ ಇಷ್ಟವೊಂದರಿಂದಲೇ ಹುಟ್ಟಿದ್ದಾಗಿರುವುದಿಲ್ಲ. ವಲೆಗ್ರೋ ಎಂಬ ಹೆಸರು ‘ವಿ’ ಅಕ್ಷರದಿಂದ ಆರಂಭವಾಗುವುದಕ್ಕೆ ಕಾರಣ ಅದು 2002ರಲ್ಲಿ ಹುಟ್ಟಿದ ಡಚ್ ತಳಿಯ ಕುದುರೆ ಎಂಬುದು. ಆ ತಳಿಯ ನೋಂದಣಿ ಸಂಸ್ಥೆ ಪ್ರತಿ ವರ್ಷದ ಮರಿಗಳಿಗೆ ಒಂದೊಂದು ಆರಂಭಾಕ್ಷರವನ್ನು ಗೊತ್ತುಮಾಡುತ್ತದೆ. ಎರಡು ವರ್ಷ ಮೊದಲು ಹುಟ್ಟಿದ, ಅದೇ ತಳಿಯ ಟೊಟಿಲಾಸ್ ಎಂಬ ಕುದುರೆಗೆ ‘ಟಿ’ ಬಂದದ್ದೂ ಹಾಗೆಯೇ. ಟ್ರಾಕೆನರ್ ತಳಿಯಲ್ಲಿ ಮರಿಯ ಹೆಸರು ತಾಯಿಯ ಹೆಸರಿನ ಮೊದಲಕ್ಷರವನ್ನು ಹಿಡಿದು ಬರುತ್ತದೆ, ಹ್ಯಾನೋವೇರಿಯನ್ ತಳಿಯಲ್ಲಿ ತಂದೆಯದನ್ನು. ಐಸ್‌ಲ್ಯಾಂಡಿನ ಕುದುರೆಗಳ ಹೆಸರಿನ ಜೊತೆಗೆ ಅವು ಹುಟ್ಟಿದ ಹೊಲಮನೆಯ ಹೆಸರೂ ಸೇರಿರುತ್ತದೆ. ಹೀಗಾಗಿ ನಿಮಗೆ ಅರ್ಥವಿಲ್ಲದಂತೆ ಕಾಣುವ ಹೆಸರಿನೊಳಗೆ ಹುಟ್ಟಿದ ವರ್ಷವೋ ತಾಯಿಬೇರೋ ಊರೋ ಅಡಗಿರಬಹುದು, ತಿಳಿದವರು ಆ ಹೆಸರನ್ನು ನೋಡಿದ ಕ್ಷಣವೇ ಅದನ್ನು ಓದಿಕೊಳ್ಳುತ್ತಾರೆ. ಅದನ್ನು ಅಳಿಸಿ ನಿಮಗೆ ಪ್ರಿಯವಾದ ಹೆಸರನ್ನು ಬರೆಸಿದರೆ ಕುದುರೆಗೆ ಆಗುವ ಲಾಭ ಏನೂ ಇಲ್ಲ.

ಕುದುರೆಯ ಕಿವಿಗೆ ಹೆಸರು ಎಂದರೇನು

ಮನುಷ್ಯನಿಗೆ ತನ್ನ ಹೆಸರೆಂದರೆ ತಾನೇ. ಕುದುರೆಗೆ ಹಾಗಲ್ಲ. ಅದರ ಪಾಲಿಗೆ ಹೆಸರು ಒಂದು ಸದ್ದು. ಆ ಸದ್ದು ಕೇಳಿದ ಮೇಲೆ ಏನಾಗುತ್ತದೆ ಎಂಬುದರಿಂದ ಆ ಸದ್ದಿಗೆ ಅರ್ಥ ಬರುತ್ತದೆ. ಹೆಸರು ಹಿಡಿದು ಕರೆದಾಗಲೆಲ್ಲ ಮೇವಿನ ಬುಟ್ಟಿ ಬಂದಿದ್ದರೆ ಕಿವಿಗಳು ಮುಂದಕ್ಕೆ ತಿರುಗುತ್ತವೆ, ಹೆಸರು ಹಿಡಿದು ಗದರಿದಾಗಲೆಲ್ಲ ಚಾವಟಿ ಬಂದಿದ್ದರೆ ಅದೇ ಕಿವಿಗಳು ಹಿಂದಕ್ಕೆ ಒತ್ತಿಕೊಳ್ಳುತ್ತವೆ. ಆದ್ದರಿಂದ ಹೆಸರು ಬದಲಿಸಿದರೆ ಕುದುರೆ ತನ್ನತನ ಕಳೆದುಕೊಂಡೀತು ಎಂದು ಕೊರಗುವ ಅಗತ್ಯವಿಲ್ಲ. ಅದು ಕಳೆದುಕೊಳ್ಳುವುದು ಕಲಿತ ಒಂದು ಸಂಕೇತವನ್ನು ಮಾತ್ರ, ಅದನ್ನು ಮತ್ತೆ ಕಲಿಸಬಹುದು.

ಇದಕ್ಕೆ ನನಗೆ ಯಾವಾಗಲೂ ನೆನಪಾಗುವುದು ಸಾರ್ಜೆಂಟ್ ರೆಕ್ಲೆಸ್ ಎಂದು ಪ್ರಸಿದ್ಧವಾದ ಹೆಣ್ಣು ಕುದುರೆ. ಕೊರಿಯಾ ಯುದ್ಧದ ಕಾಲದಲ್ಲಿ, 1952ರ ಅಕ್ಟೋಬರ್‌ನಲ್ಲಿ, ಅಮೆರಿಕದ ಮರೀನ್ ಸೇನಾಧಿಕಾರಿಯೊಬ್ಬರು ಸೋಲ್ ನಗರದ ರೇಸ್ ಮೈದಾನದಲ್ಲಿ ಅದನ್ನು 250 ಡಾಲರ್‌ಗೆ ಕೊಂಡಾಗ ಅದಕ್ಕೆ ಬೆಳಗಿನ ಜ್ವಾಲೆ ಎಂಬರ್ಥದ ಕೊರಿಯನ್ ಹೆಸರಿತ್ತು. ಸೈನಿಕರು ತಮ್ಮ ದಳದ ರಿಕಾಯಿಲ್‌ಲೆಸ್ (ಹಾರಿಸಿದಾಗ ಹಿಂದಕ್ಕೆ ಒದೆಯದ) ಫಿರಂಗಿಯ ಹೆಸರನ್ನು ಮೊಟಕುಗೊಳಿಸಿ ಅದನ್ನು ರೆಕ್ಲೆಸ್ ಎಂದು ಕರೆದರು. ಒಡೆಯರು, ಭಾಷೆ, ಕೆಲಸ, ಹೆಸರು ಎಲ್ಲವೂ ಒಮ್ಮೆಲೇ ಬದಲಾದ ಆ ಕುದುರೆ ಕೆಲವೇ ತಿಂಗಳಲ್ಲಿ, 1953ರ ಮಾರ್ಚ್‌ನ ಕಾಳಗದಲ್ಲಿ, ಒಂದೇ ದಿನ 51 ಬಾರಿ ಗುಡ್ಡ ಹತ್ತಿ ಮದ್ದುಗುಂಡು ಸಾಗಿಸಿತು, ಬಹುಪಾಲು ಸಲ ಜೊತೆಯಲ್ಲಿ ಯಾರೂ ಇಲ್ಲದೆ. ಹೊಸ ಹೆಸರಿಗೆ ಒಗ್ಗಿಕೊಳ್ಳುವುದು ಬೆಳೆದ ಕುದುರೆಗೆ ಆಗದ ಕೆಲಸವೇನಲ್ಲ.

ಆದರೆ ಇನ್ನೊಂದು ಮಾತನ್ನೂ ಇಲ್ಲಿ ಸೇರಿಸಬೇಕು. ಹೆಸರಿಗಿಂತ ಹೆಚ್ಚಾಗಿ ಕುದುರೆ ಕೇಳುವುದು ದನಿಯನ್ನು. ಪರಿಚಿತ ಮನುಷ್ಯರ ದನಿಯನ್ನು ಅವರ ರೂಪದೊಂದಿಗೆ ಹೊಂದಿಸಿ ಗುರುತಿಸುವ ಶಕ್ತಿ ಕುದುರೆಗಿದೆ. ಅದು ಕೇಳಬಲ್ಲ ಸದ್ದಿನ ವ್ಯಾಪ್ತಿ ಸುಮಾರು 55 ಹರ್ಟ್ಸ್‌ನಿಂದ 33 ಕಿಲೋಹರ್ಟ್ಸ್‌ಗೂ ಮೇಲಿನದು, ಅಂದರೆ ನಮ್ಮ 20 ಕಿಲೋಹರ್ಟ್ಸ್‌ನ ಮಿತಿಯನ್ನು ದಾಟಿದ ಸೂಕ್ಷ್ಮ ಸದ್ದುಗಳೂ ಅದಕ್ಕೆ ಕೇಳುತ್ತವೆ. ಆದರೆ ಚಿಕ್ಕದೊಂದು ಸದ್ದು ಯಾವ ದಿಕ್ಕಿನಿಂದ ಬಂತು ಎಂದು ಕರಾರುವಾಕ್ಕಾಗಿ ಗುರುತಿಸುವುದರಲ್ಲಿ ಅದು ನಮಗಿಂತ ಬಹಳ ಹಿಂದೆ. ಬಯಲಿನ ಆಚೆ ತುದಿಯಲ್ಲಿ ನಿಂತ ಕುದುರೆ ಕರೆದೊಡನೆ ತಲೆಯೆತ್ತಿ ಅತ್ತಿತ್ತ ನೋಡುವುದನ್ನು ಕಂಡು ಅದಕ್ಕೆ ಹೆಸರು ತಿಳಿಯಲಿಲ್ಲವೆಂದು ಭಾವಿಸಬಾರದು. ಅದು ನಿಮ್ಮನ್ನು ಹುಡುಕುತ್ತಿರಬಹುದು.

ನಿಮ್ಮ ಕುದುರೆಗೆ ಹಳೆಯ ಹೆಸರು ನಿಜವಾಗಿ ತಿಳಿದಿದೆಯೇ ಎಂದು ಪರೀಕ್ಷಿಸುವ ಸರಳ ಉಪಾಯವೊಂದಿದೆ. ಕುದುರೆ ನೆಮ್ಮದಿಯಾಗಿ ನಿಂತಿರುವಾಗ, ಮೇವಿನ ಹೊತ್ತಲ್ಲದ ಹೊತ್ತಿನಲ್ಲಿ, ಅದರ ಕಣ್ಣಿಗೆ ಬೀಳದ ಕಡೆ ನಿಂತು ಹೆಸರಿನಷ್ಟೇ ಉದ್ದದ ಬೇರೆ ನಾಲ್ಕು ಪದಗಳನ್ನು ಒಂದೇ ದನಿಯಲ್ಲಿ, ಕಾಲು ನಿಮಿಷದ ಅಂತರ ಬಿಟ್ಟು ಹೇಳಿರಿ. ಮೊದಲ ಪದಕ್ಕೆ ಕಿವಿ ತಿರುಗುತ್ತದೆ, ಬರಬರುತ್ತಾ ಆಸಕ್ತಿ ಇಳಿಯುತ್ತದೆ. ಐದನೆಯದಾಗಿ ಅದೇ ದನಿಯಲ್ಲಿ ಹೆಸರನ್ನು ಹೇಳಿದಾಗ ಕಿವಿ ಮತ್ತೆ ಚುರುಕಾಗಿ ತಿರುಗಿದರೆ, ಬೇರೆ ಬೇರೆ ದಿನಗಳಲ್ಲಿ ಮಾಡಿದಾಗಲೂ ಹಾಗೆಯೇ ಆದರೆ, ಕುದುರೆಗೆ ಆ ಸದ್ದು ಪರಿಚಿತವೆಂದು ತಿಳಿಯಬಹುದು. ತಿರುಗದಿದ್ದರೆ ಅದು ಇಷ್ಟು ದಿನ ಓಗೊಡುತ್ತಿದ್ದುದು ಹೆಸರಿಗಲ್ಲ, ಬಕೆಟ್ಟಿನ ಸದ್ದಿಗೋ ಬಾಗಿಲ ಚಿಲಕದ ಸದ್ದಿಗೋ. ಹಾಗಿರುವ ಕುದುರೆಗಳು ನಾವು ಎಣಿಸಿರುವುದಕ್ಕಿಂತ ಹೆಚ್ಚು, ಅವುಗಳ ವಿಷಯದಲ್ಲಿ ಬದಲಿಸಬೇಕೇ ಬೇಡವೇ ಎಂಬ ಚರ್ಚೆಯೇ ಬೇಕಾಗುವುದಿಲ್ಲ.

ಬದಲಿಸಲು ತಕ್ಕ ಕಾರಣಗಳು, ತಕ್ಕದ್ದಲ್ಲದವು

ಗಟ್ಟಿ ಕಾರಣಗಳಲ್ಲಿ ನಾನು ಮೊದಲು ಎಣಿಸುವುದು ಗೊಂದಲವನ್ನು. ಒಂದೇ ಲಾಯದಲ್ಲಿ ಒಂದೇ ಹೆಸರಿನ, ಅಥವಾ ಕೇಳಲು ಒಂದೇ ತೆರನಾದ ಹೆಸರಿನ ಎರಡು ಕುದುರೆಗಳಿದ್ದರೆ, ಇಂದಲ್ಲ ನಾಳೆ ಒಂದರ ಔಷಧ ಇನ್ನೊಂದರ ಬುಟ್ಟಿಗೆ ಬೀಳುತ್ತದೆ. ಎರಡನೆಯದು ಹೆಸರು ಆಜ್ಞೆಗಳೊಂದಿಗೆ ಬೆರೆಯುವುದು. ನಿಲ್ಲಿಸಲು ‘ಹೋ’ ಎನ್ನುವ ಸವಾರ ‘ಜೋ’ ಎಂಬ ಕುದುರೆಯ ಮೇಲೆ ಕೂತಿದ್ದಾನೆ ಎಂದುಕೊಳ್ಳಿ. ಅವನು ಹೆಸರು ಹಿಡಿದು ಮೆಚ್ಚಿದಾಗಲೆಲ್ಲ ಕುದುರೆ ಹೆಜ್ಜೆ ತಡೆಯುತ್ತದೆ, ಆಮೇಲೆ ನಿಜವಾಗಿ ನಿಲ್ಲಬೇಕಾದ ಹೊತ್ತಿಗೆ ಆ ಸದ್ದಿನ ಹರಿತ ಹೋಗಿರುತ್ತದೆ. ಮೂರನೆಯದು ಭಯ. ಹೆಸರು ಕೇಳಿದೊಡನೆ ತಲೆ ಮೇಲೆತ್ತಿ, ಕಣ್ಣಿನ ಬಿಳಿ ತೋರಿಸಿ, ಲಾಯದ ಹಿಂಗೋಡೆಗೆ ಒತ್ತಿಕೊಳ್ಳುವ ಕುದುರೆಗಳಿವೆ. ಅಂಥ ಕುದುರೆಯ ಹಳೆಯ ಹೆಸರಿಗೆ ಅಂಟಿದ ಕೆಟ್ಟ ನೆನಪನ್ನು ತೊಳೆಯುವುದಕ್ಕಿಂತ ಹೊಸ ಹೆಸರನ್ನು ಕಲಿಸುವುದೇ ಸುಲಭ. ಕೈಬಿಟ್ಟುಹೋದ, ಹೊಡೆತ ತಿಂದ ಕುದುರೆಗಳನ್ನು ಉಳಿಸಿ ತಂದವರು ಇದನ್ನು ಹಿಂಜರಿಯದೆ ಮಾಡಬಹುದು.

ನಾಲ್ಕನೆಯ ಕಾರಣವೊಂದಿದೆ, ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲವೆಂದು ನನ್ನ ಅನಿಸಿಕೆ. ಹೆಸರು ಕುದುರೆಯನ್ನು ಬದಲಿಸದಿದ್ದರೂ ಅದನ್ನು ಹಿಡಿಯುವ ಕೈಗಳನ್ನು ಬದಲಿಸುತ್ತದೆ. ‘ಸೈತಾನ’ ಎಂದೋ ‘ಹುಚ್ಚ’ ಎಂದೋ ಕರೆಸಿಕೊಳ್ಳುವ ಕುದುರೆಯ ಬಳಿಗೆ ಹೋಗುವವರು ಹಗ್ಗವನ್ನು ಗಿಡ್ಡವಾಗಿ ಹಿಡಿಯುತ್ತಾರೆ, ಉಸಿರು ಬಿಗಿಹಿಡಿಯುತ್ತಾರೆ, ಅದು ಬೆದರಿ ಅಡ್ಡ ಸರಿದರೂ ಹಟವೆಂದು ತಿಳಿದು ಲಗಾಮು ಜಗ್ಗುತ್ತಾರೆ. ಆ ಬಿಗಿತ ಕುದುರೆಗೆ ತಟ್ಟುತ್ತದೆ, ಅದು ಇನ್ನಷ್ಟು ಬೆದರುತ್ತದೆ, ಹೆಸರು ನಿಜವಾಗುತ್ತದೆ. ಅದೇ ಅಡ್ಡ ಸರಿಯುವಿಕೆಯನ್ನು ‘ಬೆಣ್ಣೆ’ ಎಂಬ ಹೆಸರಿನ ಕುದುರೆ ಮಾಡಿದರೆ ಜನ ಮೊದಲು ಜೀನು ಎಲ್ಲಾದರೂ ಒತ್ತುತ್ತಿದೆಯೇ ಎಂದು ನೋಡುತ್ತಾರೆ. ಮಕ್ಕಳು ಸವಾರಿ ಕಲಿಯುವ ಕುದುರೆಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಹಾಗೆಯೇ ಬದಲಿಸಬಾರದ ಸಂದರ್ಭಗಳೂ ಇವೆ. ಸ್ಪರ್ಧೆಗಳಲ್ಲಿ ಹೆಸರು ಮಾಡಿರುವ ಕುದುರೆ, ಮರಿಗಳಿಂದಾಗಿ ತಳಿಗಾರರಿಗೆ ಪರಿಚಿತವಾದ ಕುದುರೆ, ಇಪ್ಪತ್ತು ದಾಟಿದ, ಕಿವಿ ಮಂದವಾಗುತ್ತಿರುವ ಮುದಿ ಕುದುರೆ, ಇವಕ್ಕೆ ಹಳೆಯ ಹೆಸರೇ ಇರಲಿ. ಕೆಲವೇ ತಿಂಗಳ ಮಟ್ಟಿಗೆ ಗುತ್ತಿಗೆಗೆ ತಂದ ಕುದುರೆಗೆ ಹೊಸ ಹೆಸರಿಡುವುದಂತೂ ಅದರ ನಿಜವಾದ ಮಾಲೀಕರಿಗೆ ಮಾಡುವ ಅವಮರ್ಯಾದೆ. ಹೆಸರು ಹಳೆಯ ಕಾಲದ್ದೆಂದು ಅನಿಸುತ್ತದೆ ಎಂಬುದಷ್ಟೇ ಕಾರಣವಾಗಿದ್ದರೆ ಎರಡು ತಿಂಗಳು ಅದೇ ಹೆಸರಿನಿಂದ ಕರೆದು ನೋಡಿರಿ. ಮೊದಲ ವಾರ ಹಾಸ್ಯಾಸ್ಪದವೆನಿಸಿದ ಹೆಸರು ಎರಡನೆಯ ತಿಂಗಳಿಗೆ ಆ ಮುಖಕ್ಕೆ ಬೇರೆ ಹೆಸರು ಒಪ್ಪುವುದೇ ಇಲ್ಲ ಎನ್ನುವಷ್ಟು ಹೊಂದಿಕೊಂಡಿರುವುದನ್ನು ನಾನೇ ಕಂಡಿದ್ದೇನೆ.

ಮೊದಲ ವಾರಗಳ ತಡೆ

ಹೊಸ ಲಾಯಕ್ಕೆ ಬಂದ ಕುದುರೆಯ ಪಾಲಿಗೆ ಎಲ್ಲವೂ ಒಮ್ಮೆಗೇ ಬದಲಾಗಿರುತ್ತದೆ. ಜೊತೆಗಿದ್ದ ಮಂದೆ ಇಲ್ಲ, ನೀರಿನ ರುಚಿ ಬೇರೆ, ಹುಲ್ಲು ಬೇರೆ, ಮಲಗುವ ನೆಲದ ವಾಸನೆ ಬೇರೆ. ಈ ಒತ್ತಡದಲ್ಲಿ ಮೇವು ಬಿಡುವ, ತೆಳ್ಳಗೆ ಲದ್ದಿ ಹಾಕುವ, ಹೊಟ್ಟೆಶೂಲೆಗೆ ತುತ್ತಾಗುವ ಕುದುರೆಗಳು ಅಪರೂಪವಲ್ಲ. ಅಂಥ ಹೊತ್ತಿನಲ್ಲಿ ಪರಿಚಿತವಾಗಿ ಉಳಿದಿರುವ ಒಂದೆರಡು ಸಂಗತಿಗಳಲ್ಲಿ ಹಳೆಯ ಹೆಸರೂ ಒಂದು, ಅದನ್ನು ಕಿತ್ತುಕೊಳ್ಳುವ ಅವಸರ ಬೇಡ. ಕುದುರೆ ಹೊಟ್ಟೆತುಂಬ ತಿಂದು, ಲಾಯದಲ್ಲಿ ಮಲಗಿ ನಿದ್ರಿಸಲು ಆರಂಭಿಸಿ, ನಿಮ್ಮ ಹೆಜ್ಜೆಯ ಸದ್ದಿಗೆ ತಲೆಯೆತ್ತುವಂತಾದ ಮೇಲೆ ಹೊಸ ಹೆಸರಿನ ಮಾತು. ಕಾಯುವುದರಿಂದ ನಿಮಗೂ ಲಾಭವಿದೆ. ಕೊಳ್ಳುವ ದಿನ ತೋರಿದ ಸ್ವಭಾವ ಮತ್ತು ಒಂದು ತಿಂಗಳ ನಂತರದ ಸ್ವಭಾವ ಒಂದೇ ಆಗಿರುವುದಿಲ್ಲ. ‘ಮಿಂಚು’ ಎಂದು ಹೆಸರಿಡಲು ಹೊರಟ ಕುದುರೆ, ಬೆದರಿಕೆ ಕಳೆದ ಮೇಲೆ, ಒಂದು ಹೆಜ್ಜೆಗೆ ಹತ್ತು ಸಲ ಯೋಚಿಸುವ ಸೋಮಾರಿಯಾಗಿ ಕಾಣಿಸಿಕೊಂಡೀತು.

ಕುದುರೆಯನ್ನು ಲಾರಿ ಹತ್ತಿಸುವ ಮೊದಲೇ ಮಾಡಬೇಕಾದ ಒಂದು ಕೆಲಸವನ್ನು ಇಲ್ಲಿ ಒತ್ತಿ ಹೇಳುತ್ತೇನೆ. ಮಾರುವವರು ಕುದುರೆಯನ್ನು ಹೇಗೆ ಕರೆಯುತ್ತಾರೋ ಅದನ್ನು ಅವರ ದನಿಯಲ್ಲೇ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿರಿ. ಕಾಗದದಲ್ಲಿ ಬರೆದ ಹೆಸರಿನಲ್ಲಿ ಅದನ್ನು ಎಳೆದು ಕರೆಯುತ್ತಿದ್ದರೋ, ಮೊಟಕು ಮಾಡುತ್ತಿದ್ದರೋ, ಕೊನೆಗೆ ಸಿಳ್ಳೆ ಸೇರಿಸುತ್ತಿದ್ದರೋ ತಿಳಿಯುವುದಿಲ್ಲ. ನಾಲಿಗೆ ಲೊಟ್ಟೆ ಹೊಡೆದರೆ ಏನು ಮಾಡುತ್ತದೆ, ಯಾವ ಪದಕ್ಕೆ ಟ್ರಾಟ್ (ನಡಿಗೆಗಿಂತ ವೇಗದ ಓಟ) ಹಿಡಿಯುತ್ತದೆ, ಯಾವ ಪದಕ್ಕೆ ಕಾಲೆತ್ತಿ ಗೊರಸು ಕೊಡುತ್ತದೆ ಎಂಬುದನ್ನೂ ಆಗಲೇ ಕೇಳಿ ಬರೆದುಕೊಳ್ಳಿರಿ. ಈ ಆಜ್ಞಾಪದಗಳನ್ನು ಹೆಸರಿನ ಜೊತೆಗೇ ಬದಲಿಸುವುದು ತಪ್ಪು. ಹೆಸರು ಬದಲಾಗಲಿ, ಆಜ್ಞೆಗಳು ಕೆಲವು ತಿಂಗಳು ಹಾಗೆಯೇ ಇರಲಿ.

ಹೊಸ ಹೆಸರನ್ನು ಆರಿಸುವುದು

ಎರಡು ಅಕ್ಷರದ, ಹೆಚ್ಚೆಂದರೆ ಮೂರು ಅಕ್ಷರದ ಹೆಸರು ಕರೆಯಲು ಒಳ್ಳೆಯದು. ಕ, ಟ, ಪ, ಬ ಮುಂತಾದ ಸ್ಪಷ್ಟ ವ್ಯಂಜನದಿಂದ ಆರಂಭವಾಗಿ ಎಳೆಯಬಹುದಾದ ಸ್ವರದಲ್ಲಿ ಮುಗಿಯುವ ಹೆಸರು ಗಾಳಿಯಲ್ಲೂ ದೂರ ಹೋಗುತ್ತದೆ. ಲಾಯದ ಉಳಿದ ಕುದುರೆಗಳ ಹೆಸರುಗಳನ್ನೂ ನೀವು ಬಳಸುವ ಆಜ್ಞೆಗಳನ್ನೂ ಒಂದು ಹಾಳೆಯಲ್ಲಿ ಬರೆದು, ಹೊಸ ಹೆಸರನ್ನು ಅವುಗಳ ಪಕ್ಕದಲ್ಲಿಟ್ಟು ಗಟ್ಟಿಯಾಗಿ ಓದಿ ನೋಡಿರಿ. ಹಳೆಯ ಹೆಸರಿನ ಬಗ್ಗೆ ಭಯವಿಲ್ಲದ ಕುದುರೆಯಾದರೆ ಅದರ ಸ್ವರವನ್ನೇ ಉಳಿಸಿಕೊಂಡ ಹೆಸರನ್ನು ಆರಿಸಬಹುದು. ರಾಜಾ ಎಂದು ಕರೆಸಿಕೊಳ್ಳುತ್ತಿದ್ದ ಕುದುರೆ ಬಾಜಾ ಎಂಬುದಕ್ಕೆ ಮೊದಲ ದಿನವೇ ತಿರುಗಿ ನೋಡೀತು. ಭಯವಿರುವ ಕುದುರೆಗೆ ಇದಕ್ಕೆ ನೇರ ವಿರುದ್ಧ, ಹಳೆಯದರ ನೆರಳೂ ಬೀಳದ ಸದ್ದು ಬೇಕು.

ಬಣ್ಣ ನೋಡಿ ಹೆಸರಿಡುವವರಿಗೆ ಒಂದು ಎಚ್ಚರಿಕೆಯ ಮಾತು. ಬೂದು ಬಣ್ಣಕ್ಕೆ ತಿರುಗುವ ಕುದುರೆಗಳು ಹುಟ್ಟುವಾಗ ಕಪ್ಪಾಗಿಯೋ ಕಂದಾಗಿಯೋ ಇದ್ದು ವರ್ಷದಿಂದ ವರ್ಷಕ್ಕೆ ಬೆಳ್ಳಗಾಗುತ್ತಾ ಹೋಗುತ್ತವೆ. ಮೂರು ವರ್ಷದಲ್ಲಿ ‘ಕರಿಯ’ನಾಗಿದ್ದದ್ದು ಹತ್ತು ವರ್ಷಕ್ಕೆ ಹಾಲಿನಂತಾಗಿ, ಬಂದವರಿಗೆಲ್ಲ ಆ ಕಥೆ ಹೇಳುವ ಕೆಲಸ ನಿಮ್ಮದಾಗುತ್ತದೆ. ಕುದುರೆ ಇಪ್ಪತ್ತೈದು ಮೂವತ್ತು ವರ್ಷ ಬಾಳಬಲ್ಲ ಪ್ರಾಣಿ, ಆ ಅವಧಿಯಲ್ಲಿ ಅದು ಹಲವು ಕೈಗಳನ್ನು ದಾಟಬಹುದು ಎಂಬುದನ್ನೂ ನೆನಪಿಡಿರಿ. ನಿಮ್ಮ ಮನೆಯವರಿಗೆ ಮಾತ್ರ ನಗು ತರಿಸುವ ಹೆಸರು ಮುಂದಿನವರಿಗೆ ಮುಜುಗರವಾದೀತು.

ಕಲಿಸುವ ಕ್ರಮ

ಹೆಸರು ಕಲಿಸುವುದೆಂದರೆ ಸದ್ದಿನ ಬೆನ್ನಿಗೇ ಹಿತವಾದದ್ದೊಂದು ಬರುತ್ತದೆ ಎಂಬ ನಂಬಿಕೆಯನ್ನು ಕುದುರೆಯಲ್ಲಿ ಹುಟ್ಟಿಸುವುದು. ಇತರ ಕುದುರೆಗಳ ಗಲಾಟೆಯಿಲ್ಲದ ಹೊತ್ತಿನಲ್ಲಿ ಎರಡು ಮೂರು ಮಾರು ದೂರದಲ್ಲಿ ನಿಂತು ಹೊಸ ಹೆಸರನ್ನು ಒಮ್ಮೆ, ಒಂದೇ ಒಮ್ಮೆ, ಸಹಜವಾದ ದನಿಯಲ್ಲಿ ಹೇಳಿರಿ. ಒಂದು ಕಿವಿ ನಿಮ್ಮತ್ತ ತಿರುಗಿದರೂ ಸಾಕು, ಒಂದೆರಡು ಕ್ಷಣದೊಳಗೆ ಬಹುಮಾನ ಕೊಡಬೇಕು. ತಡವಾದರೆ ಆ ಬಹುಮಾನ ಯಾವುದಕ್ಕೆ ಬಂತೆಂದು ಕುದುರೆಗೆ ತಿಳಿಯುವುದಿಲ್ಲ. ಕ್ಯಾರೆಟ್ಟಿನ ಚೂರು ಕೊಡಬಹುದು, ಆದರೆ ಕೈಯಿಂದ ತಿನ್ನಿಸಿದರೆ ಜೇಬು ಮೂಸಿ ಕಚ್ಚುವ ಚಾಳಿ ಹತ್ತುವ ಕುದುರೆಗಳಿಗೆ ಬಾನಿಯಲ್ಲಿ ಹಾಕುವುದು ಲೇಸು. ಹೆಗಲ ಉಬ್ಬಿನ ಮುಂದೆ, ಕತ್ತಿನ ಬುಡದಲ್ಲಿ ಚೆನ್ನಾಗಿ ಕೆರೆಯುವುದು ಇದಕ್ಕಿಂತಲೂ ಒಳ್ಳೆಯ ಬಹುಮಾನ. ಕುದುರೆಗಳು ಒಂದನ್ನೊಂದು ಮುದ್ದಿಸುವಾಗ ಹಲ್ಲಿನಿಂದ ಕೆರೆಯುವುದು ಆ ಜಾಗವನ್ನೇ, ಅಲ್ಲಿ ಕೆರೆದಾಗ ಕುದುರೆಯ ಎದೆಬಡಿತ ನಿಧಾನವಾಗುತ್ತದೆ ಎಂಬುದನ್ನು ಅಳೆದು ಕಂಡುಕೊಂಡಿದ್ದಾರೆ. ಒಂದು ಸಲಕ್ಕೆ ಎಂಟು ಹತ್ತು ಬಾರಿ, ದಿನಕ್ಕೆ ಎರಡು ಸಲ ಮಾಡಿದರೆ ಸಾಕು. ಬೇಸರ ಬರುವ ಮೊದಲೇ ನಿಲ್ಲಿಸಿರಿ.

ಹಳೆಯ ಹೆಸರು ಚೆನ್ನಾಗಿ ತಿಳಿದಿರುವ ಕುದುರೆಗೆ ಕೆಲಸ ಇನ್ನೂ ಹಗುರ, ಆದರೆ ಇಲ್ಲಿಯೇ ಹಲವರು ಎಡವುತ್ತಾರೆ. ಹಳೆಯ ಹೆಸರನ್ನು ಮೊದಲು ಹೇಳಿ ಹಿಂದೆಯೇ ಹೊಸದನ್ನು ಸೇರಿಸುವುದು ಅವರ ರೂಢಿ. ಹಾಗೆ ಮಾಡಿದರೆ ಕುದುರೆ ಹಳೆಯ ಸದ್ದಿಗೇ ತಿರುಗಿಬಿಟ್ಟಿರುತ್ತದೆ, ಹಿಂದೆ ಬಂದ ಹೊಸ ಸದ್ದನ್ನು ಗಮನಿಸಬೇಕಾದ ಅಗತ್ಯ ಅದಕ್ಕಿರುವುದಿಲ್ಲ. ಹೊಸದು ಮುಂದೆ, ಹಳೆಯದು ಹಿಂದೆ ಬರಬೇಕು. ಹೊಸ ಹೆಸರು ಹೇಳಿ, ಒಂದು ಕ್ಷಣ ತಡೆದು, ಹಳೆಯ ಹೆಸರು ಹೇಳಿ, ತಿರುಗಿದ ಮೇಲೆ ಬಹುಮಾನ ಕೊಟ್ಟರೆ, ಕೆಲವು ದಿನಗಳಲ್ಲಿ ಕುದುರೆ ಮುಂದೆ ಬರಲಿರುವುದನ್ನು ಊಹಿಸಿ ಹೊಸ ಹೆಸರಿಗೇ ತಿರುಗತೊಡಗುತ್ತದೆ. ಆಗ ಹಳೆಯದನ್ನು ಮೆಲ್ಲಗೆ ಹೇಳುತ್ತಾ ಹೋಗಿ ಕೊನೆಗೆ ಬಿಟ್ಟುಬಿಡಬಹುದು.

ಲಾಯದೊಳಗೆ ಗಟ್ಟಿಯಾದ ಮೇಲೆ ಅಂಗಳದಲ್ಲಿ, ಆಮೇಲೆ ಬೇಲಿ ಹಾಕಿದ ಬಯಲಿನಲ್ಲಿ, ಆಮೇಲೆ ಬೇರೆ ಕುದುರೆಗಳ ನಡುವೆ, ಹೀಗೆ ಒಂದೊಂದೇ ಮೆಟ್ಟಿಲು ಏರಿರಿ. ಲಾಯದಲ್ಲಿ ತಪ್ಪದೆ ಓಗೊಡುವ ಕುದುರೆ ಬಯಲಿನಲ್ಲಿ ಕಿವಿಯನ್ನೇ ಕೊಡದಿದ್ದರೆ ಅದು ಮರೆತಿದೆ ಎಂದಲ್ಲ. ಹಸಿರು ಹುಲ್ಲಿನ ಮುಂದೆ ನಿಮ್ಮ ಬಹುಮಾನ ಸಪ್ಪೆಯಾಗಿದೆ ಎಂದರ್ಥ. ಅಂಥಲ್ಲಿ ಹೆಸರನ್ನು ಹತ್ತು ಸಲ ಕೂಗುತ್ತಾ ನಿಲ್ಲಬಾರದು. ಉತ್ತರ ಬಾರದ ಪ್ರತಿ ಕೂಗೂ ಆ ಹೆಸರಿಗೆ ಬೆಲೆಯಿಲ್ಲ ಎಂದು ಕಲಿಸುತ್ತದೆ. ಹತ್ತಿರ ಹೋಗಿ, ದೂರ ಕಡಿಮೆ ಮಾಡಿ, ಅಲ್ಲಿಂದ ಮತ್ತೆ ಆರಂಭಿಸಿರಿ.

ಈ ವಾರಗಳಲ್ಲಿ ಹೆಸರನ್ನು ಗದರಿಕೆಗೆ ಬಳಸಲೇಬಾರದು. ಚುಚ್ಚುಮದ್ದು ಕೊಡಿಸುವಾಗ, ಜಂತಿನ ಔಷಧ ಬಾಯಿಗೆ ಹಾಕುವಾಗ, ಲಾಳ ಕಟ್ಟುವವರ ಮುಂದೆ ಕಾಲು ಎಳೆದುಕೊಂಡಾಗ ಹೆಸರು ನಿಮ್ಮ ಬಾಯಿಂದ ಹೊರಡದಿರಲಿ. ಬಯಲಿನಿಂದ ಹೆಸರು ಹಿಡಿದು ಕರೆದಾಗಲೆಲ್ಲ ಜೀನು ಬಿಗಿದು ದುಡಿಸುವುದೂ ಒಂದು ರೀತಿಯ ಶಿಕ್ಷೆಯೇ; ನಡುನಡುವೆ ಕರೆದು, ಕೆರೆದು, ಹಾಗೆಯೇ ಮೇಯಲು ಬಿಟ್ಟುಬಿಡಿರಿ. ಲಾಯದಲ್ಲಿ ಕೆಲಸ ಮಾಡುವವರೆಲ್ಲರೂ ಒಂದೇ ಹೆಸರನ್ನು ಒಂದೇ ಬಗೆಯಲ್ಲಿ ಕರೆಯಬೇಕು ಎಂಬುದು ಹೇಳಲು ಸಣ್ಣ ಮಾತು, ನಡೆಸಲು ಅತ್ಯಂತ ಕಷ್ಟದ್ದು. ಕುದುರೆಗಿಂತ ಮನುಷ್ಯರೇ ಹಳೆಯ ಹೆಸರನ್ನು ಮರೆಯಲು ಹೆಚ್ಚು ದಿನ ತೆಗೆದುಕೊಳ್ಳುತ್ತಾರೆ.

ಕಾಗದಪತ್ರಗಳ ವಿಷಯ

ಹಡಗಿನ ಹೆಸರು ಬದಲಿಸಿದರೆ ಅಪಶಕುನವೆಂದು ನಾವಿಕರು ನಂಬುವಂತೆ ಕುದುರೆಯ ಹೆಸರು ಬದಲಿಸಿದರೆ ಕೇಡು ಎಂದು ನಂಬುವ ಕುದುರೆ ಸಾಕುವವರೂ ಇದ್ದಾರೆ. ಶಕುನದಲ್ಲಿ ನನಗೆ ನಂಬಿಕೆಯಿಲ್ಲ, ಆದರೆ ಆ ಮಾತಿನಲ್ಲಿ ಹುರುಳೇ ಇಲ್ಲವೆಂದು ಹೇಳಲಾರೆ. ಹೆಸರು ಬದಲಾದ ಕುದುರೆಯ ಹಿಂದಿನ ಬದುಕಿನ ಜಾಡು ಕಡಿದುಹೋಗುತ್ತದೆ, ಕೇಡು ಬರುವುದು ಅಲ್ಲಿಂದ. ನಾನು ಕೊಂಡ ಹೆಣ್ಣು ಕುದುರೆಯೊಂದಕ್ಕೆ ಬಂದ ವಾರದಲ್ಲೇ ಹೊಸ ಹೆಸರಿಟ್ಟು, ಹಳೆಯದನ್ನು ಎಲ್ಲಿಯೂ ಬರೆದಿಡದೆ ಸುಮ್ಮನಾಗಿದ್ದೆ. ಎರಡು ತಿಂಗಳ ನಂತರ ನಡುರಾತ್ರಿ ಅದಕ್ಕೆ ಹೊಟ್ಟೆಶೂಲೆ ಹತ್ತಿದಾಗ ಪಶುವೈದ್ಯರು ಅದಕ್ಕೆ ಹಿಂದೆ ಚಿಕಿತ್ಸೆ ನೀಡಿದ್ದ ಕಡೆಗೆ ಫೋನು ಮಾಡಿ ವಿಚಾರಿಸಿದರು. ನಾವು ಹೇಳಿದ ಹೆಸರಿನ ಕುದುರೆ ಅವರ ಪುಸ್ತಕದಲ್ಲಿ ಇರಲಿಲ್ಲ. ಬೆಳಗಾದ ಮೇಲೆ ಹಳೆಯ ಮಾಲೀಕರನ್ನು ಹುಡುಕಿ ಕೇಳಿದಾಗ, ಅದೇ ತೊಂದರೆ ಹಿಂದೆಯೂ ಎರಡು ಸಲ ಬಂದಿದ್ದು, ಯಾವ ಔಷಧಕ್ಕೆ ಇಳಿದಿತ್ತು ಎಂಬುದೆಲ್ಲ ಹಳೆಯ ಹೆಸರಿನಡಿ ಸವಿವರವಾಗಿ ದಾಖಲಾಗಿತ್ತು. ಕುದುರೆ ಉಳಿಯಿತು, ಆದರೆ ಆ ರಾತ್ರಿ ನಾನು ಪಟ್ಟ ಪಾಡು ಬೇರೆಯವರಿಗೆ ಬೇಡ.

ದಾಖಲೆಯ ಹೆಸರನ್ನು ಬದಲಿಸುವುದಕ್ಕೆ ನೋಂದಣಿ ಸಂಸ್ಥೆಗಳು ಸುಲಭವಾಗಿ ಒಪ್ಪದಿರುವುದಕ್ಕೂ ಕಾರಣವಿದೆ. 1844ರ ಎಪ್ಸಮ್ ಡರ್ಬಿಯಲ್ಲಿ, ಮೂರು ವರ್ಷದ ಕುದುರೆಗಳಿಗೆ ಮೀಸಲಾದ ಆ ಪಂದ್ಯದಲ್ಲಿ, ರನ್ನಿಂಗ್ ರೀನ್ ಎಂಬ ಹೆಸರಿನಲ್ಲಿ ಓಡಿ ಗೆದ್ದದ್ದು ವಾಸ್ತವದಲ್ಲಿ ಮಕಾಬಿಯಸ್ ಎಂಬ ನಾಲ್ಕು ವರ್ಷದ ಕುದುರೆ. 1984ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್‌ನಲ್ಲಿ ಫೈನ್ ಕಾಟನ್ ಎಂಬ ಸಾಧಾರಣ ಕುದುರೆಯ ಬದಲಿಗೆ ಬೋಲ್ಡ್ ಪರ್ಸನ್ಯಾಲಿಟಿ ಎಂಬ ವೇಗದ ಕುದುರೆಯನ್ನು ಬಣ್ಣ ಬಳಿದು ಓಡಿಸಿದ್ದರು. ಇಂಥ ಮೋಸಗಳಿಗೆ ಹೆದರಿಯೇ ಹೆಸರಿನ ಮೇಲೆ ಕಾವಲು. ಅಮೆರಿಕದಲ್ಲಿ ಥರೋಬ್ರೆಡ್ ಎಂಬ ಪಂದ್ಯದ ತಳಿಯನ್ನು ನೋಂದಾಯಿಸುವ ಜಾಕಿ ಕ್ಲಬ್ ಆ ತಳಿಯ ಕುದುರೆಯ ಹೆಸರಿಗೆ ಖಾಲಿ ಜಾಗವೂ ಸೇರಿ 18 ಅಕ್ಷರಗಳ ಮಿತಿ ಹಾಕಿದೆ, ಕುದುರೆ ಮೊದಲ ಪಂದ್ಯ ಓಡಿದ ಮೇಲೆ ಅಥವಾ ಸಂತಾನಕ್ಕೆ ಬಳಕೆಯಾದ ಮೇಲೆ ಸಾಮಾನ್ಯವಾಗಿ ಹೆಸರು ಬದಲಿಸಲು ಅವಕಾಶ ಕೊಡುವುದಿಲ್ಲ. ಬೇರೆ ತಳಿಗಳ ಸಂಸ್ಥೆಗಳ ನಿಯಮಗಳು ಬೇರೆ ಬೇರೆ, ಕೆಲವು ಶುಲ್ಕ ಪಡೆದು ಬದಲಿಸಿಕೊಡುತ್ತವೆ. ನಿಮ್ಮ ಕುದುರೆಯ ಪತ್ರ ನೀಡಿದ ಸಂಸ್ಥೆಯನ್ನೇ ಕೇಳಬೇಕು, ಅದೂ ಮಾಲೀಕತ್ವವನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಂಡ ನಂತರ. ಅದಕ್ಕೆ ಮೊದಲು ಅರ್ಜಿ ಹಾಕಿ ಫಲವಿಲ್ಲ.

ಅನಿವಾರ್ಯವಾಗಿ ಬದಲಿಸಿದಾಗಲೂ ಜಾಡು ಉಳಿಸುವ ದಾರಿಗಳಿವೆ. ಕುದುರೆಯ ಕತ್ತಿನ ಎಡಬದಿಯಲ್ಲಿ ಕೇಸರದ ಕೆಳಗೆ ಹಾಕುವ ಮೈಕ್ರೋಚಿಪ್ಪಿನಲ್ಲಿ 15 ಅಂಕಿಗಳ ಸಂಖ್ಯೆಯಿರುತ್ತದೆ, ಹಲವು ದೇಶಗಳ ನೋಂದಣಿಯಲ್ಲಿ ಬಳಕೆಯಲ್ಲಿರುವ ಜೀವಮಾನದ ಗುರುತು ಸಂಖ್ಯೆಯೂ 15 ಅಕ್ಷರಗಳದ್ದೇ. ಹೆಸರು ಎಷ್ಟು ಸಲ ಬದಲಾದರೂ ಇವು ಬದಲಾಗುವುದಿಲ್ಲ. ಕೊಂಡ ದಿನವೇ ಚಿಪ್ಪನ್ನು ಓದಿಸಿ, ಅದು ಪತ್ರದಲ್ಲಿರುವ ಸಂಖ್ಯೆಗೆ ಹೊಂದುತ್ತದೆಯೇ ಎಂದು ನೋಡಿರಿ. ಹೊಂದದಿದ್ದರೆ, ಹೆಸರಿನ ಯೋಚನೆಯನ್ನು ಬದಿಗಿಟ್ಟು, ನೀವು ಕೊಂಡದ್ದು ಯಾವ ಕುದುರೆ ಎಂಬುದನ್ನು ಮೊದಲು ಪತ್ತೆಮಾಡಬೇಕು.

ಕರೆಯುವ ಹೆಸರನ್ನಷ್ಟೇ ಬದಲಿಸಿದರೆ ಯಾರ ಅನುಮತಿಯೂ ಬೇಕಿಲ್ಲ. ಆದರೂ ಪಶುವೈದ್ಯರಿಗೆ, ಲಾಳ ಕಟ್ಟುವವರಿಗೆ, ವಿಮೆ ಮಾಡಿಸಿದ್ದರೆ ವಿಮಾ ಕಂಪನಿಗೆ ಎರಡೂ ಹೆಸರುಗಳನ್ನು ತಿಳಿಸಿರಿ. ಲಾಯದ ಬಾಗಿಲಿಗೆ ತೂಗುಹಾಕುವ ಹಲಗೆಯಲ್ಲಿ ದೊಡ್ಡ ಅಕ್ಷರದಲ್ಲಿ ಕರೆಯುವ ಹೆಸರನ್ನೂ, ಕೆಳಗೆ ದಾಖಲೆಯ ಹೆಸರನ್ನೂ, ಹಿಂದಿನ ಕರೆಯುವ ಹೆಸರನ್ನೂ, ಚಿಪ್ಪಿನ ಸಂಖ್ಯೆಯನ್ನೂ ಬರೆಯಿರಿ. ನೀವಿಲ್ಲದ ಹೊತ್ತಿನಲ್ಲಿ ಬೆಂಕಿಯೋ ಕಾಯಿಲೆಯೋ ಬಂದು ಅಪರಿಚಿತರು ಕುದುರೆಯನ್ನು ಹೊರಗೆ ತರಬೇಕಾದಾಗ ಅವರ ಕೈಗೆ ಸಿಗುವುದು ಆ ಹಲಗೆಯೊಂದೇ. ಮುಂದೆಂದಾದರೂ ಕುದುರೆಯನ್ನು ಮಾರುವ ದಿನ ಬಂದರೆ ಆ ಹಲಗೆಯ ಬರಹದ ನಕಲನ್ನೂ, ನೀವು ಅದನ್ನು ಕರೆಯುವ ದನಿಯ ಮುದ್ರಿಕೆಯನ್ನೂ ಕೊಳ್ಳುವವರಿಗೆ ಕೊಟ್ಟು ಕಳುಹಿಸಿರಿ.